ಹತ್ತು ದನಿ, ಒಂದೇ ಕೈ: ಟೋನಿ ಅಯೋಮಿಯವರ ಮೊದಲ ಸ್ವಂತ ಆಲ್ಬಮ್

2000ನೇ ಇಸವಿಯ ಅಕ್ಟೋಬರ್‌ನಲ್ಲಿ ಟೋನಿ ಅಯೋಮಿ ತಮ್ಮ ಮನೆತನದ ಹೆಸರನ್ನಷ್ಟೇ ಶೀರ್ಷಿಕೆಯಾಗಿಟ್ಟು ಒಂದು ಆಲ್ಬಮ್ ಹೊರತಂದರು. ಆಗ ಅವರಿಗೆ 52 ವರ್ಷ. ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ತಂಡದ ಗಿಟಾರ್ ವಾದಕರಾಗಿ ಮೂರು ದಶಕ ಕಳೆದು, ಆ ತಂಡದ ಹೆಸರಿನಲ್ಲಿ 18 ಸ್ಟುಡಿಯೋ ಆಲ್ಬಮ್‌ಗಳನ್ನು ಮಾಡಿ ಮುಗಿಸಿದ ಮೇಲೆ, ಮೊಟ್ಟಮೊದಲ ಬಾರಿಗೆ ಮುಖಪುಟದ ಮೇಲೆ ಅವರ ಹೆಸರು ಬೇರೆ ಯಾವ ಹೆಸರಿನ ಆಸರೆಯೂ ಇಲ್ಲದೆ ನಿಂತಿತು. ಆದರೆ ಈ ಆಲ್ಬಮ್‌ನ ಹತ್ತು ಹಾಡುಗಳನ್ನು ಹಾಡಿದವರು ಹತ್ತು ಬೇರೆ ಬೇರೆ ಗಾಯಕರು. ಹೆಸರಿನ ಒಡೆಯರು ಅದರಲ್ಲಿ ಒಂದು ಸಾಲನ್ನೂ ಹಾಡಿಲ್ಲ. ಹಾಡು ಎಂದರೆ ಮೊದಲು ದನಿಯನ್ನೇ ಗುರುತಿಸುವ ನಮ್ಮಂಥ ಕೇಳುಗರಿಗೆ ಇದು ಯಾರ ಆಲ್ಬಮ್ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಗೆ ಈ ಆಲ್ಬಮ್ ಕೊಡುವ ಉತ್ತರವೇ ಅದರ ನಿಜವಾದ ಸ್ವಾರಸ್ಯ ಎಂಬುದು ನನ್ನ ಅನಿಸಿಕೆ. ಹಾಡುಗಳ ಗುಣಮಟ್ಟದಲ್ಲಿ ಏರಿಳಿತವಿದೆ, ಧ್ವನಿಮುದ್ರಣದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳಿವೆ. ಆದರೂ ಗಿಟಾರ್ ವಾದಕರೊಬ್ಬರ ವ್ಯಕ್ತಿತ್ವ ಅವರ ವಾದನದ ಯಾವ ಭಾಗದಲ್ಲಿ ನೆಲೆಸಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಹಾರ್ಡ್ ರಾಕ್ ಆಲ್ಬಮ್ ಮತ್ತೊಂದು ನನಗೆ ಸಿಕ್ಕಿಲ್ಲ.

ದೊಡ್ಡ ತಂಡವೊಂದರ ಗಿಟಾರ್ ವಾದಕರು ಒಂಟಿಯಾಗಿ ಆಲ್ಬಮ್ ಮಾಡಲು ಹೊರಟಾಗ ಅವರ ಮುಂದೆ ಇರುವ ದಾರಿಗಳು ಹೆಚ್ಚಿಲ್ಲ. ಹಾಡಲು ಬರುವುದಿದ್ದರೆ ತಾವೇ ಹಾಡಬಹುದು: ಕಿಸ್ ತಂಡದ ನಾಲ್ವರೂ 1978ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ ಒಬ್ಬೊಬ್ಬರದೂ ಒಂದೊಂದು ಆಲ್ಬಮ್ ಹೊರತಂದಾಗ ಗಿಟಾರ್ ವಾದಕ ಏಸ್ ಫ್ರೇಲಿ ಮಾಡಿದ್ದು ಅದನ್ನೇ, ಮತ್ತು ಆ ನಾಲ್ಕರಲ್ಲಿ ಇಂದಿಗೂ ಹೆಚ್ಚು ಮೆಚ್ಚುಗೆ ಪಡೆದಿರುವುದು ಅವರದೇ. ಕ್ವೀನ್ ತಂಡದ ಬ್ರಿಯಾನ್ ಮೇ 1992ರಲ್ಲಿ ಹಿಡಿದದ್ದೂ ಅದೇ ದಾರಿ. ದನಿಯೇ ಬೇಡವೆಂದು ಬಿಟ್ಟು ಬರಿಯ ವಾದ್ಯಸಂಗೀತಕ್ಕೆ ಹೊರಳಬಹುದು. 1975ರಲ್ಲಿ ಜೆಫ್ ಬೆಕ್ ಹಾಗೆ ಮಾಡಿ ಗೆದ್ದರು, ಅವರ ಹಿಂದೆ ಒಂದು ಪೀಳಿಗೆಯೇ ನಡೆಯಿತು. ಉಳಿದದ್ದು ಅತಿಥಿ ಗಾಯಕರನ್ನು ಕರೆಸುವ ದಾರಿ. ಕಾರ್ಲೋಸ್ ಸಂತಾನ 1999ರಲ್ಲಿ ಈ ಮಾದರಿಯಿಂದ ಎಲ್ಲರ ಬಾಯಲ್ಲೂ ಹೆಸರಾದರು, ಸ್ಲ್ಯಾಶ್ 2010ರಲ್ಲಿ ಇದನ್ನೇ ಅನುಸರಿಸಿದರು. ಅತಿಥಿಗಳ ಪಟ್ಟಿ ಉದ್ದವಾದಷ್ಟೂ ಆತಿಥೇಯರು ಮರೆಯಾಗುವುದು ಈ ಮಾದರಿಯ ಸಾಮಾನ್ಯ ದೋಷ. ಒಂದೊಂದು ಹಾಡೂ ಆಯಾ ಗಾಯಕರ ತಂಡದ ಹಾಡಿನಂತೆ ಕೇಳಿಸತೊಡಗಿ, ಗಿಟಾರ್ ವಾದಕರು ನಡುನಡುವೆ ಒಂದು ಸೋಲೋ, ಅಂದರೆ ಒಂಟಿ ವಾದನದ ತುಣುಕು, ನುಡಿಸಿ ಹಾಜರಿ ಹಾಕಿ ಹೋದವರಂತೆ ಕಾಣುತ್ತಾರೆ.

ಅಯೋಮಿಯವರ ಆಲ್ಬಮ್ ಈ ದೋಷದಿಂದ ಬಹುಮಟ್ಟಿಗೆ ಪಾರಾಗಿದೆ. ಅದಕ್ಕೆ ಕಾರಣ ಅವರ ಹಿಂದಿನ ಮೂವತ್ತು ವರ್ಷಗಳಲ್ಲಿದೆ. ಬ್ಲ್ಯಾಕ್ ಸಬ್ಬತ್ ತಂಡದಲ್ಲಿ ಮೊದಲ ದಿನದಿಂದ ಕೊನೆಯವರೆಗೆ ಒಂದು ಆಲ್ಬಮ್‌ನಲ್ಲೂ ತಪ್ಪದೆ ಇದ್ದವರು ಅವರೊಬ್ಬರೇ. ಮೂಲ ಗಾಯಕ ಆಜಿ ಆಸ್ಬೋರ್ನ್ 1979ರಲ್ಲಿ ತಂಡದಿಂದ ಹೊರಬಿದ್ದ ಮೇಲೆ ರಾನಿ ಜೇಮ್ಸ್ ಡಿಯೋ ಬಂದರು. ಡಿಯೋ ಹೋದ ಮೇಲೆ ಡೀಪ್ ಪರ್ಪಲ್ ತಂಡದ ಇಯಾನ್ ಗಿಲನ್ ಒಂದು ಆಲ್ಬಮ್‌ಗೆ ದನಿ ಕೊಟ್ಟರು. ಗ್ಲೆನ್ ಹ್ಯೂಸ್, ರೇ ಗಿಲೆನ್, ಟೋನಿ ಮಾರ್ಟಿನ್ ಸಾಲಾಗಿ ಬಂದುಹೋದರು. ಇಷ್ಟು ಬಗೆಯ ಗಂಟಲುಗಳ ಕೆಳಗೆ ಒಂದೇ ಗಿಟಾರನ್ನು ನಿಲ್ಲಿಸಿಕೊಂಡು ಬಂದವರಿಗೆ ಹತ್ತು ಜನ ಅತಿಥಿಗಳು ಹೊಸ ಸಮಸ್ಯೆಯೇನಲ್ಲ. ಹಾಗೆ ನೋಡಿದರೆ 1980ರ ದಶಕದ ನಡುವಿನ ಹೊತ್ತಿಗೆ ಆ ತಂಡವೇ ಅರ್ಧ ಅವರ ಸ್ವಂತ ಯೋಜನೆಯಾಗಿ ಮಾರ್ಪಟ್ಟಿತ್ತು.

1986ರಲ್ಲಿ ಬಂದ 'ಸೆವೆಂತ್ ಸ್ಟಾರ್' ಇದಕ್ಕೆ ಸಾಕ್ಷಿ. ಅದನ್ನು ಅಯೋಮಿ ತಮ್ಮದೇ ಹೆಸರಿನ ಆಲ್ಬಮ್ ಆಗಿಯೇ ಆರಂಭಿಸಿದ್ದರು, ಹಲವು ಗಾಯಕರನ್ನು ಕರೆಸಿ ಹಾಡಿಸುವ ಯೋಚನೆಯೂ ಆಗಲೇ ಇತ್ತು. ಕೊನೆಗೆ ಎಲ್ಲ ಹಾಡುಗಳನ್ನೂ ಗ್ಲೆನ್ ಹ್ಯೂಸ್ ಒಬ್ಬರೇ ಹಾಡಿದರು. ಆಲ್ಬಮ್ ಸಿದ್ಧವಾದಾಗ ಧ್ವನಿಮುದ್ರಣ ಸಂಸ್ಥೆಗೂ ವ್ಯವಸ್ಥಾಪಕರಿಗೂ ಬೇಕಾಗಿದ್ದದ್ದು ಮಾರಾಟವಾಗುವ ಹೆಸರು. ಆದ್ದರಿಂದ ಮುಖಪುಟದ ಮೇಲೆ ಬ್ಲ್ಯಾಕ್ ಸಬ್ಬತ್ ಎಂದೂ, ಅದರ ಜೊತೆಗೆ ಟೋನಿ ಅಯೋಮಿ ಎಂದೂ ಅಚ್ಚಾಯಿತು. ತನ್ನದೇ ತಂಡದಲ್ಲಿ ತಾನೇ ವಿಶೇಷ ಅತಿಥಿಯಾಗುವ ವಿಚಿತ್ರ ಪರಿಸ್ಥಿತಿ ಇದು. ಬ್ಲೂಸ್ ಛಾಯೆಯ, ಕೆಲವೆಡೆ ಮೆಲುದನಿಯ ಆ ಹಾಡುಗಳು ತಂಡದ ಹೆಸರಿನ ಭಾರವನ್ನು ಹೊರಲಾರದೆ ಬಳಲಿದವು. ಅದೇ ಹಾಡುಗಳು ಬೇರೆ ಹೆಸರಿನಲ್ಲಿ ಬಂದಿದ್ದರೆ ಕೇಳುಗರು ಇನ್ನಷ್ಟು ಉದಾರವಾಗಿ ಕೇಳುತ್ತಿದ್ದರು. 2000ದ ಆಲ್ಬಮ್ ಅಂದು ಕೈತಪ್ಪಿದ ಯೋಜನೆಯನ್ನು ಸುಮಾರು ಹದಿನೈದು ವರ್ಷಗಳ ನಂತರ ಪೂರೈಸಿದ್ದು ಎಂದು ನೋಡಿದರೆ, ಆ ಒಂಟಿ ಹೆಸರಿನ ಶೀರ್ಷಿಕೆಯಲ್ಲಿರುವ ಹಟ ಅರ್ಥವಾಗುತ್ತದೆ.

ಆ ಹೊತ್ತಿಗೆ ಕಾಲವೂ ಬದಲಾಗಿತ್ತು. 1995ರ 'ಫರ್ಬಿಡನ್' ಆಲ್ಬಮ್ ತಂಡದ ಕಟ್ಟಾ ಅಭಿಮಾನಿಗಳನ್ನೂ ನಿರಾಸೆಗೊಳಿಸಿತ್ತು. ಆದರೆ 1997ರಲ್ಲಿ ಮೂಲ ಸದಸ್ಯರು ಮತ್ತೆ ಒಂದುಗೂಡಿ, ಡಿಸೆಂಬರ್‌ನಲ್ಲಿ ತಮ್ಮ ಹುಟ್ಟೂರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ನುಡಿಸಿದರು. ಆ ಕಛೇರಿಯ ಧ್ವನಿಮುದ್ರಿಕೆ ಮರುವರ್ಷ ಹೊರಬಂತು, ಅದರಲ್ಲಿನ 'ಐರನ್ ಮ್ಯಾನ್' ಹಾಡಿಗೆ 2000ದಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಸಂದಿತು. ಇಷ್ಟರಲ್ಲಿ ಅಮೆರಿಕದ ಒಂದು ಇಡೀ ತಲೆಮಾರಿನ ತಂಡಗಳು ತಾವು ಅಯೋಮಿಯ ಶಿಷ್ಯರೆಂದು ಬಹಿರಂಗವಾಗಿ ಹೇಳಿಕೊಳ್ಳತೊಡಗಿದ್ದವು. ಪ್ಯಾಂಟೆರಾ ತಂಡ 1994ರಲ್ಲಿ ಬ್ಲ್ಯಾಕ್ ಸಬ್ಬತ್‌ನ 'ಪ್ಲಾನೆಟ್ ಕ್ಯಾರವಾನ್' ಹಾಡನ್ನು ತನ್ನ ಆಲ್ಬಮ್‌ಗೆ ಸೇರಿಸಿಕೊಂಡಿತ್ತು. ಅದೇ ವರ್ಷ ಬಂದ ಗೌರವಾರ್ಪಣೆಯ ಸಂಕಲನವೊಂದರಲ್ಲಿ ಟೈಪ್ ಓ ನೆಗೆಟಿವ್ ತಂಡ 'ಬ್ಲ್ಯಾಕ್ ಸಬ್ಬತ್' ಎಂಬ ಹಾಡನ್ನೇ ತನ್ನ ರೀತಿಯಲ್ಲಿ ಹಾಡಿತ್ತು. ಹೆನ್ರಿ ರೋಲಿನ್ಸ್ ಹಾಡುತ್ತಿದ್ದ ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ತಂಡ 1984ರಲ್ಲಿ ತನ್ನ ಎಂದಿನ ವೇಗದ ಓಟವನ್ನು ಬಿಟ್ಟು ಒಂದು ಧ್ವನಿಮುದ್ರಿಕೆಯ ಇಡೀ ಎರಡನೆಯ ಮಗ್ಗುಲನ್ನು ನಿಧಾನಗತಿಯ ಭಾರವಾದ ಹಾಡುಗಳಿಗೆ ಬಿಟ್ಟುಕೊಟ್ಟಾಗ ಪಂಕ್ ಅಭಿಮಾನಿಗಳು ಸಿಡಿದೆದ್ದಿದ್ದರು. ಆ ನಿಧಾನದ ಮೂಲವೂ ಬರ್ಮಿಂಗ್‌ಹ್ಯಾಮ್‌ನಲ್ಲೇ ಇತ್ತು. ಹೀಗೆ ಅತಿಥಿಗಳಾಗಿ ಬಂದವರಲ್ಲಿ ಹೆಚ್ಚಿನವರು ಅಯೋಮಿಯ ನುಡಿಸಾಣಿಕೆಯನ್ನು ಕೇಳಿಕೊಂಡೇ ಬೆಳೆದವರು. ಅವರಿಗೆ ಹೊಂದಿಕೊಳ್ಳುವ ಕಷ್ಟ ಅಯೋಮಿಗಿರಲಿಲ್ಲ, ಅವರೇ ಇವರ ಬಳಿಗೆ ಬಂದರು.

ಇನ್ನು ಆ ಕೈಯ ವಿಷಯ. ಅಯೋಮಿ ಎಡಗೈ ವಾದಕರು. ಅಂದರೆ ತಂತಿಯನ್ನು ಮೀಟುವುದು ಎಡಗೈ, ಒತ್ತುವುದು ಬಲಗೈ. ಹದಿನೇಳನೆಯ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ, ಅದೂ ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ತುಂಡಾದವು. ವಾದನ ಮುಗಿಯಿತೆಂದು ಅವರು ಕುಸಿದಿದ್ದಾಗ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜ್ಯಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದರು. 1928ರ ಬೆಂಕಿ ಅನಾಹುತದಲ್ಲಿ ಎರಡು ಬೆರಳುಗಳ ಬಳಕೆಯನ್ನೇ ಕಳೆದುಕೊಂಡೂ ಜ್ಯಾಜ್ ಗಿಟಾರ್‌ನ ದಿಗ್ಗಜರಾದವರು ಅವರು. ಅಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳ ತುದಿಗೆ ಕೂರುವಂತೆ ಟೊಪ್ಪಿಗೆಗಳನ್ನು ಮಾಡಿ, ಅವುಗಳ ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿಕೊಂಡು ಮತ್ತೆ ಅಭ್ಯಾಸಕ್ಕೆ ಕೂತರು. ಈ ಕಥೆಯನ್ನು ರಾಕ್ ಸಂಗೀತದ ಬರಹಗಳು ಸಾವಿರ ಬಾರಿ ಹೇಳಿವೆ, ಸಾಮಾನ್ಯವಾಗಿ ಛಲದ ಕಥೆಯಾಗಿ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರಿಂದ ಸಂಗೀತದಲ್ಲಿ ಏನಾಯಿತು ಎಂಬುದು.

ಚರ್ಮ ಹೊದಿಸಿದ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ಗಟ್ಟಿ ತಂತಿಯನ್ನು ಒತ್ತಿದರೆ ನೋವು. ತೆಳುವಾದ ಗಿಟಾರ್ ತಂತಿಗಳು ಆಗ ಇಂಗ್ಲೆಂಡಿನಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ಅವರು ಬ್ಯಾಂಜೋ ತಂತಿಗಳನ್ನು ಕಟ್ಟಿಕೊಂಡರು. ಮುಂದೆ, 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್‌ನ ಕೆಲವು ಹಾಡುಗಳಿಗಾಗಿ, ಗಿಟಾರ್‌ನ ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಕೆಳಗಿಳಿಸಿದರು. ತಂತಿಯ ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಮೂರು ಸ್ವರಸ್ಥಾನ ಇಳಿಸಿದರೆ ಬಿಗಿತ ಸುಮಾರು ಶೇ 30ರಷ್ಟು ತಗ್ಗುತ್ತದೆ. ಬೆರಳಿಗೆ ಆರಾಮವಾಯಿತು, ಅದರ ಜೊತೆಗೆ ಸಡಿಲ ತಂತಿಯ ಅಗಲವಾದ ಕಂಪನ, ಮಂದ್ರದ ಗುಡುಗು, ಒತ್ತಿ ಎಳೆದಾಗ ಸ್ವರ ಓಲಾಡುವ ಗುಣ ಇವೆಲ್ಲ ತಾವಾಗಿ ಬಂದವು. ಇಂದು ಹೆವಿ ಮೆಟಲ್ ಎಂದರೆ ಕಿವಿಯಲ್ಲಿ ಮೂಡುವ ಆ ಭಾರ ಒಬ್ಬರ ಗಾಯದ ಅನುಕೂಲಕ್ಕೆಂದು ಆದ ಹೊಂದಾಣಿಕೆಯಿಂದ ಹುಟ್ಟಿದ್ದು. 2000ದ ಹೊತ್ತಿಗೆ ಶ್ರುತಿ ಇಳಿಸುವುದು ಅಮೆರಿಕದ ಪ್ರತಿಯೊಂದು ಹೊಸ ತಂಡದ ವಾಡಿಕೆಯಾಗಿ ಹೋಗಿತ್ತು, ಮತ್ತು ಅವುಗಳಲ್ಲಿ ಹೆಚ್ಚಿನವು ಭಾರ ಎಂದರೆ ಬರಿಯ ತಗ್ಗು ಶ್ರುತಿ ಎಂದೇ ತಿಳಿದಿದ್ದವು.

ಹಾಗಲ್ಲ ಎಂಬುದು ಈ ಆಲ್ಬಮ್ ಕೇಳಿದರೆ ಗೊತ್ತಾಗುತ್ತದೆ. ಅಯೋಮಿಯ ನಾದ ತಳದಲ್ಲಿ ದಪ್ಪವಾಗಿದ್ದರೂ ಮೇಲೆ ಮಸುಕಾಗಿಲ್ಲ. ಆರಂಭದ ದಿನಗಳಿಂದ ಅವರು ಗಿಬ್ಸನ್ ಎಸ್‌ಜಿ ಗಿಟಾರನ್ನು ಲೇನಿ ಆಂಪ್ಲಿಫೈಯರ್‌ಗೆ ಜೋಡಿಸುವಾಗ ನಡುವೆ ಟ್ರೆಬಲ್ ಬೂಸ್ಟರ್ ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ಇಡುತ್ತಿದ್ದರು; ಅದು ತಾರ ಕಂಪನಗಳನ್ನು ಹೆಚ್ಚಿಸಿ ಆಂಪ್ಲಿಫೈಯರ್‌ನ ಮೇಲೆ ಒತ್ತಡ ಹಾಕುತ್ತದೆ, ತಳದ ಕಂಪನಗಳು ಕಲಸಿಹೋಗದಂತೆ ತಡೆಯುತ್ತದೆ. ತಗ್ಗು ಶ್ರುತಿಯ ಗಿಟಾರ್‌ಗೆ ತಾರದ ಒತ್ತು ಕೊಡುವ ಈ ಹೊಂದಾಣಿಕೆಯಿಂದಾಗಿಯೇ ಅವರು ನುಡಿಸುವ ಪ್ರತಿ ಸ್ವರದ ಅಂಚು ಕೇಳಿಸುತ್ತದೆ. ಇನ್ನೊಂದು ಸಂಗತಿ ಅವರು ಸ್ವರಗಳ ನಡುವೆ ಬಿಡುವ ಜಾಗ. 1970ರ ಫೆಬ್ರವರಿ 13ರಂದು ಬಂದ ತಂಡದ ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲಿರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಬಳಿಕ ಅವೆರಡರ ನಟ್ಟನಡುವೆ ಕೂತ ಪ್ರತಿಮಧ್ಯಮ. ಪಂಚಮದ ಆಸರೆಯಿಲ್ಲದೆ ಪ್ರತಿಮಧ್ಯಮದ ಮೇಲೆಯೇ ನಿಂತುಬಿಡುವ ಆ ನಡೆಯಲ್ಲಿ ಹುಟ್ಟುವ ಅಶಾಂತಿಯೇ ಒಂದು ಇಡೀ ಸಂಗೀತ ಪ್ರಕಾರದ ಬುನಾದಿಯಾಯಿತು. ಸ್ವರಗಳು ಮೂರೇ ಆದರೂ ಯಾವುದನ್ನು ಎಷ್ಟು ಹೊತ್ತು ಉಳಿಸಬೇಕು, ಯಾವುದನ್ನು ಎಷ್ಟು ನಡುಗಿಸಬೇಕು ಎಂಬುದರಲ್ಲಿ ಅಯೋಮಿ ಇದ್ದಾರೆ. ಅದನ್ನು ಬರೆದುಕೊಳ್ಳಬಹುದು, ಆದರೆ ನಕಲು ಮಾಡುವುದು ಕಷ್ಟ.

ಬಾಬ್ ಮಾರ್ಲೆಟ್ ನಿರ್ಮಾಣದ ಈ ಆಲ್ಬಮ್‌ನ ಮೊದಲ ಹಾಡು 'ಲಾಫಿಂಗ್ ಮ್ಯಾನ್' ಹೆನ್ರಿ ರೋಲಿನ್ಸ್ ಅವರದು. ರೋಲಿನ್ಸ್ ಹಾಡುವುದಕ್ಕಿಂತ ಗದರುವುದೇ ಹೆಚ್ಚು. ರಾಗದ ಕಡೆಗೆ ಅವರಿಗೆ ಒಲವೂ ಇಲ್ಲ, ಅಗತ್ಯವೂ ಇಲ್ಲ. ಇದರಿಂದ ಒಂದು ಒಳ್ಳೆಯ ಪರಿಣಾಮವಾಗಿದೆ: ದನಿ ರಾಗವನ್ನು ಬಿಟ್ಟುಕೊಟ್ಟದ್ದರಿಂದ ಹಾಡಿನ ರಾಗದ ಕೆಲಸವನ್ನೆಲ್ಲ ರಿಫ್ ಮಾಡಬೇಕಾಗುತ್ತದೆ. ರಿಫ್ ಎಂದರೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಗಿಟಾರ್‌ನ ಸ್ವರಗುಚ್ಛ. ಬೇರೆಯವರಲ್ಲಿ ಅದು ಹಾಡಿನ ಹಿನ್ನೆಲೆ, ಅಯೋಮಿಯಲ್ಲಿ ಹಾಡಿನ ಪಲ್ಲವಿ. ಆಲ್ಬಮ್‌ನ ಬಾಗಿಲಲ್ಲೇ ಇದನ್ನು ಸ್ಪಷ್ಟಪಡಿಸಿದ್ದು ಜಾಣತನ.

ಮೂರನೆಯ ಹಾಡು 'ಗುಡ್‌ಬೈ ಲಮೆಂಟ್' ಇದಕ್ಕೆ ತದ್ವಿರುದ್ಧ. ಫೂ ಫೈಟರ್ಸ್ ತಂಡದ ಡೇವ್ ಗ್ರೋಲ್ ಇಲ್ಲಿ ಹಾಡಿದ್ದಾರೆ, ಡ್ರಮ್ಸ್ ಕೂಡ ಅವರೇ ನುಡಿಸಿದ್ದಾರೆ, ಅಯೋಮಿಯ ಹಳೆಯ ಗೆಳೆಯ ಬ್ರಿಯಾನ್ ಮೇ ಗಿಟಾರ್ ಸೇರಿಸಿದ್ದಾರೆ. ಗ್ರೋಲ್‌ಗೆ ಸರಳವಾದ, ಒಂದೇ ಕೇಳಿಕೆಗೆ ನೆನಪಿನಲ್ಲಿ ಕೂರುವ ರಾಗ ಕಟ್ಟುವ ಕಲೆ ಕರಗತ. ಚರಣದಲ್ಲಿ ತಗ್ಗಿದ ದನಿ ಪಲ್ಲವಿಯಲ್ಲಿ ಎದೆ ತುಂಬಿ ಏರುವಾಗ ಇದು ಅವರದೇ ತಂಡದ ಹಾಡೇನೋ ಎಂಬ ಅನುಮಾನ ಬರುತ್ತದೆ, ಮತ್ತು ಅತಿಥಿ ಗಾಯಕರ ಆಲ್ಬಮ್‌ಗಳ ಹಳೆಯ ರೋಗ ಇಲ್ಲೂ ಅಂಟಿತು ಎನ್ನಿಸುವಷ್ಟರಲ್ಲಿ ಆ ಭಾರವಾದ ಗಿಟಾರ್ ಕೆಳಗಿನಿಂದ ಎದ್ದು ಹಾಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೊಸಬರಿಗೆ ಈ ಆಲ್ಬಮ್ ಕೇಳಿಸುವುದಾದರೆ ನಾನು ಇದರಿಂದಲೇ ಶುರುಮಾಡುತ್ತೇನೆ. ಇದರ ಹಿಂದಿನ 'ಮೀಟ್' ಹಾಡಿನಲ್ಲಿ ಸ್ಕಂಕ್ ಅನಾನ್ಸಿ ತಂಡದ ಸ್ಕಿನ್ ಹಾಡಿದ್ದಾರೆ. ಹತ್ತು ಗಾಯಕರಲ್ಲಿ ಏಕೈಕ ಮಹಿಳೆ ಅವರು. ಪಿಸುಮಾತಿನಿಂದ ಕಿರುಚಾಟದವರೆಗೆ ಅವರು ಕ್ರಮಿಸುವ ದೂರವನ್ನು ಕೇಳಿದರೆ, ಈ ಬಗೆಯ ಸಂಗೀತ ಹೆಣ್ಣುದನಿಗಳನ್ನು ಇಷ್ಟು ಕಾಲ ಹೊರಗಿಟ್ಟು ಎಷ್ಟು ನಷ್ಟ ಮಾಡಿಕೊಂಡಿತು ಎನ್ನಿಸುತ್ತದೆ.

ಪ್ಯಾಂಟೆರಾದ ಫಿಲ್ ಆನ್ಸೆಲ್ಮೋ ಹಾಡಿದ 'ಟೈಮ್ ಈಸ್ ಮೈನ್' ನಿರೀಕ್ಷಿಸಿದಂತೆಯೇ ಇದೆ, ಅದಕ್ಕಿಂತ ಹೆಚ್ಚೇನೂ ಅಲ್ಲ. ಸಿಸ್ಟಮ್ ಆಫ್ ಎ ಡೌನ್ ತಂಡದ ಸರ್ಜ್ ಟ್ಯಾಂಕಿಯನ್ ಹಾಡಿದ 'ಪ್ಯಾಟರ್ನ್ಸ್' ಹಾಗಲ್ಲ. ಮಾತು, ಗುನುಗು, ಆರ್ಭಟಗಳ ನಡುವೆ ಕ್ಷಣಕ್ಷಣಕ್ಕೂ ಹೊರಳುವ ಆ ದನಿಗೆ ಸ್ಥಿರವಾದ ನೆಲ ಬೇಕು; ಅವರದೇ ತಂಡದಲ್ಲಿ ಗಿಟಾರ್ ಕೂಡ ಅವರಷ್ಟೇ ಚಂಚಲ, ಇಲ್ಲಿ ಅದು ಕದಲುವುದಿಲ್ಲ. ಆದ್ದರಿಂದ ಟ್ಯಾಂಕಿಯನ್ ಅವರ ಗಾಯನದ ವೈಚಿತ್ರ್ಯ ಇಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ದ ಕಲ್ಟ್ ತಂಡದ ಇಯಾನ್ ಆಸ್ಟ್‌ಬರಿ ಹಾಡಿದ 'ಫ್ಲೇಮ್ ಆನ್' ನನಗೆ ಈ ಆಲ್ಬಮ್‌ನ ಅತಿ ಸಪ್ಪೆ ಹಾಡು. ಟೈಪ್ ಓ ನೆಗೆಟಿವ್ ತಂಡದ ಪೀಟರ್ ಸ್ಟೀಲ್ ಅವರ ಪಾತಾಳದ ದನಿ ಕೇಳಿಸುವ 'ಜಸ್ಟ್ ಸೇ ನೋ ಟು ಲವ್' ಬಗ್ಗೆ ನನ್ನ ಅಭಿಪ್ರಾಯ ಕೇಳುವ ಮನಃಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ. 2010ರಲ್ಲಿ ತೀರಿಕೊಂಡ ಸ್ಟೀಲ್ ತಮ್ಮ ತಂಡದ ಇಡೀ ಶೈಲಿಯನ್ನೇ ಅಯೋಮಿಯ ನಿಧಾನಗತಿಯ ಮೇಲೆ ಕಟ್ಟಿದವರು, ಮೂಲವೂ ಅನುಕರಣೆಯೂ ಒಂದೇ ಹಾಡಿನಲ್ಲಿ ಎದುರಾದಾಗ ಇಬ್ಬರೂ ಸ್ವಲ್ಪ ಸಂಕೋಚಪಟ್ಟಂತೆ ಕಾಣುತ್ತದೆ.

ಈ ಆಲ್ಬಮ್‌ನ ಶಿಖರ 'ಬ್ಲ್ಯಾಕ್ ಒಬ್ಲಿವಿಯನ್'. ಸ್ಮ್ಯಾಶಿಂಗ್ ಪಂಪ್ಕಿನ್ಸ್ ತಂಡದ ಬಿಲ್ಲಿ ಕೋರ್ಗನ್ ಇದನ್ನು ಹಾಡಿದ್ದಾರೆ, ಬೇಸ್ ಗಿಟಾರ್ ಕೂಡ ಅವರದೇ. ಎಂಟು ನಿಮಿಷ ಮೀರಿದ ಈ ರಚನೆಯಲ್ಲಿ ಒಂದು ರಿಫ್ ಇನ್ನೊಂದಕ್ಕೆ ದಾರಿ ಬಿಡುತ್ತದೆ, ಗತಿ ಏರುತ್ತದೆ, ಇಳಿಯುತ್ತದೆ, ಹೊಸದೊಂದು ರಿಫ್ ಹಳೆಯದರ ಜಾಗವನ್ನು ಆಕ್ರಮಿಸುತ್ತದೆ. 1970ರ ದಶಕದಲ್ಲಿ ಅಯೋಮಿಯ ರಚನೆಗಳ ಹೆಗ್ಗಳಿಕೆಯೇ ಇದಾಗಿತ್ತು: ಚರಣ, ಪಲ್ಲವಿ, ಮತ್ತೆ ಚರಣ ಎಂಬ ಚೌಕಟ್ಟನ್ನು ಅವರು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ, ಹಾಡಿನ ನಡುವೆ ಹಠಾತ್ತನೆ ಬೇರೊಂದು ಹಾಡೇ ಶುರುವಾದಂತೆ ದಿಕ್ಕು ಬದಲಿಸುತ್ತಿದ್ದರು. ಸಾಮಾನ್ಯ ಗಾಯಕರಿಗೆ ಇಂಥ ರಚನೆಯಲ್ಲಿ ಎಲ್ಲಿ ಬಾಯಿ ತೆರೆಯಬೇಕೆಂಬುದೇ ತಿಳಿಯುವುದಿಲ್ಲ. ಕೋರ್ಗನ್ ಸ್ವತಃ ಗಿಟಾರ್ ವಾದಕರು ಮತ್ತು ದೀರ್ಘ ರಚನೆಗಳ ಮೋಹ ಇರುವವರು. ಎಲ್ಲಿ ಹಾಡಬೇಕೆಂಬುದರಷ್ಟೇ ಎಲ್ಲಿ ಸುಮ್ಮನಿರಬೇಕೆಂಬುದೂ ಅವರಿಗೆ ಗೊತ್ತು. ಮೂಗಿನಿಂದ ಹೊರಡುವ ಅವರ ತೆಳು ದನಿ ಈ ಭಾರಕ್ಕೆ ಹೊಂದುವುದಿಲ್ಲವೆಂದು ಅನೇಕರು ಆಕ್ಷೇಪಿಸಬಹುದು. ನನಗೆ ಆ ಹೊಂದದಿರುವಿಕೆಯೇ ಹಿಡಿಸಿತು. ಆಜಿಯವರ ದನಿಯೂ ತೆಳುವೇ, ಮೂಗಿನದೇ; ಅಯೋಮಿಯ ಗಿಟಾರ್‌ನ ಮೇಲೆ ಎತ್ತರದಲ್ಲಿ ತೇಲುವ ತೆಳು ದನಿ, ಅದರ ಕೆಳಗೆ ಉರುಳುವ ಬಂಡೆ ಎಂಬ ಜೋಡಣೆಯಿಂದಲೇ ಆ ತಂಡ ಲೋಕವನ್ನು ಗೆದ್ದಿತ್ತು. ದಪ್ಪ ಗಂಟಲಿನ ಆನ್ಸೆಲ್ಮೋ ಇಲ್ಲಿ ಮಿಂಚದೆ ಕೋರ್ಗನ್ ಮಿಂಚಿದ್ದರ ಕಾರಣ ಇದೇ ಎಂದು ನಾನು ತಿಳಿದಿದ್ದೇನೆ.

ಆಜಿ ಸ್ವತಃ ಒಂಬತ್ತನೆಯ ಹಾಡು 'ಹೂಸ್ ಫೂಲಿಂಗ್ ಹೂ'ನಲ್ಲಿ ಬರುತ್ತಾರೆ, ಡ್ರಮ್ಸ್ ನುಡಿಸಿದವರು ಬಿಲ್ ವಾರ್ಡ್. ಅಂದರೆ ಮೂಲ ನಾಲ್ವರಲ್ಲಿ ಮೂವರು ಇಲ್ಲಿದ್ದಾರೆ. ಬೇಸ್ ವಾದಕ ಗೀಜರ್ ಬಟ್ಲರ್ ಮಾತ್ರ ಇಲ್ಲ. ಹಾಗಾಗಿ ಇದು ಬ್ಲ್ಯಾಕ್ ಸಬ್ಬತ್ ಹಾಡೇ ಅಲ್ಲವೇ ಎಂದು ಕೇಳಬಹುದು. ಕೇಳಿದಾಗ ಆಗುವ ಅನುಭವ ಬೇರೆ. ವಾರ್ಡ್ ಅವರ ಡ್ರಮ್ಸ್ ನುಡಿಕೆಯಲ್ಲಿ ಜ್ಯಾಜ್‌ನ ಸಡಿಲತೆ ಇದೆ. ಅವರು ತಾಳವನ್ನು ಹಿಡಿದು ನಿಲ್ಲಿಸುವುದಕ್ಕಿಂತ ಗಿಟಾರ್‌ನೊಂದಿಗೆ ಮಾತಿಗಿಳಿಯುತ್ತಾರೆ. ಆ ಸಂವಾದದ ಮೂರನೆಯ ಪಾಲುದಾರರು ಬಟ್ಲರ್. ಅಯೋಮಿಯ ರಿಫ್‌ನ ಕೆಳಗೆ ಅವರು ಅದೇ ಸ್ವರಗಳನ್ನು ನುಡಿಸುತ್ತಲೇ ನಡುವಿನ ಬಿಡುವುಗಳಲ್ಲಿ ಬಾಗಿ ಬಳುಕಿ ತಿರುವುಗಳನ್ನು ಸೇರಿಸುತ್ತಿದ್ದರು. ಅವರಿಲ್ಲದ ಜಾಗ ಇಲ್ಲಿ ಖಾಲಿ ಖಾಲಿಯಾಗಿ ಕೇಳಿಸುತ್ತದೆ. ಉಳಿದ ಹಾಡುಗಳಲ್ಲಿ ಗಾಯಕರು ಬದಲಾದಾಗ ಅಯೋಮಿಯ ಗಿಟಾರ್ ಹೇಗೆ ಒಂದೇ ರೀತಿ ಉಳಿಯಿತೆಂದು ನಾನು ಮೇಲೆ ಹೇಳಿದೆ. ಈ ಹಾಡು ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಗಾಯಕರನ್ನು ಬದಲಿಸಿ ಆ ನಾದವನ್ನು ಉಳಿಸಿಕೊಳ್ಳಬಹುದು, ಬೇಸ್ ವಾದಕರನ್ನು ಬದಲಿಸಿ ಉಳಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಕೊನೆಯ ಹಾಡಿಗೆ ಬಿಲ್ಲಿ ಐಡಲ್ ದನಿ ಕೊಟ್ಟಿದ್ದಾರೆ. ಅತಿಥಿಗಳ ಪಟ್ಟಿ ಓದಿದಾಗ ಅತ್ಯಂತ ಅಸಂಗತವೆನಿಸುವ ಹೆಸರು ಇದು, ಕೇಳಿದಾಗ ಅಷ್ಟೇನೂ ಅಸಂಗತವಲ್ಲ. ಅವರು ಪಂಕ್ ತಂಡವೊಂದರಿಂದಲೇ ಬಂದವರೆಂಬುದನ್ನು ಜನ ಮರೆತಿದ್ದಾರೆ.

ಆಕ್ಷೇಪಗಳನ್ನೂ ಹೇಳಬೇಕು. ಧ್ವನಿಮುದ್ರಣ ತೀರಾ ಆ ಕಾಲದ್ದು. ಆಗಿನ ವಾಡಿಕೆಯಂತೆ ಎಲ್ಲವನ್ನೂ ಗಟ್ಟಿಯಾಗಿಸಿ, ಗಿಟಾರ್‌ಗಳನ್ನು ಪದರ ಪದರವಾಗಿ ಪೇರಿಸಿ, ಮೆಲುದನಿಗೂ ಗಟ್ಟಿದನಿಗೂ ಇರಬೇಕಾದ ಅಂತರವನ್ನು ಕುಗ್ಗಿಸಲಾಗಿದೆ. ತಂಡದ ಮೊದಲ ಆಲ್ಬಮ್ 1969ರಲ್ಲಿ ಲಂಡನ್ನಿನ ಪುಟ್ಟ ಸ್ಟುಡಿಯೋ ಒಂದರಲ್ಲಿ ಒಂದೇ ದಿನದಲ್ಲಿ ಮುದ್ರಣವಾಗಿತ್ತು. ಅದರಲ್ಲಿ ನಾಲ್ವರು ನಿಂತ ಕೋಣೆಯ ಗಾಳಿಯೂ ಕೇಳಿಸುತ್ತದೆ. ಇಲ್ಲಿ ಆ ಗಾಳಿಯಿಲ್ಲ. ಅಯೋಮಿಯ ಸಂಗೀತದಲ್ಲಿ ಬಿಡುವಿಗೆ ಸ್ವರದಷ್ಟೇ ಬೆಲೆಯಿರುವಾಗ ಬಿಡುವನ್ನೆಲ್ಲ ತುಂಬಿಸಿಬಿಡುವ ನಿರ್ಮಾಣ ಶೈಲಿ ಅದಕ್ಕೆ ಮಾಡುವ ಅನ್ಯಾಯ ಸಣ್ಣದಲ್ಲ. ಸೌಂಡ್‌ಗಾರ್ಡನ್ ತಂಡದ ಮ್ಯಾಟ್ ಕ್ಯಾಮರನ್ ಅವರಂಥ ಸೂಕ್ಷ್ಮ ಡ್ರಮ್ಸ್ ವಾದಕರು ಕೆಲವು ಹಾಡುಗಳಲ್ಲಿದ್ದಾರೆ. ಅವರ ನುಡಿಕೆಯ ನವಿರು ಈ ದಟ್ಟಣೆಯಲ್ಲಿ ಬಹಳಷ್ಟು ಕಡೆ ಕಳೆದುಹೋಗಿದೆ.

ಇನ್ನೊಂದು ಆಕ್ಷೇಪವನ್ನು ಬೇರೆಯವರಿಂದ ಕೇಳಿದ್ದೇನೆ, ನನಗೆ ಅದು ಒಪ್ಪಿಗೆಯಿಲ್ಲ: ಗಿಟಾರ್ ವಾದಕರ ಆಲ್ಬಮ್ ಎಂದ ಮೇಲೆ ಸೋಲೋಗಳು ಇನ್ನೂ ಹೆಚ್ಚಿರಬೇಕಿತ್ತಂತೆ. ಸೋಲೋ ನುಡಿಸುವುದರಲ್ಲಿ ಅಯೋಮಿಗಿಂತ ವೇಗವಾದವರು ನೂರಾರು ಮಂದಿ ಇದ್ದಾರೆ, ಅವರ ಸಮಕಾಲೀನರಲ್ಲೇ ರಿಚಿ ಬ್ಲ್ಯಾಕ್‌ಮೋರ್ ಅವರಂಥ ಪ್ರಚಂಡರಿದ್ದರು. ಅಯೋಮಿಯ ಸೋಲೋಗಳು ಬ್ಲೂಸ್‌ನ ಐದು ಸ್ವರಗಳ ಮೂರ್ಛನೆಯ ಸುತ್ತಲೇ ಸುಳಿಯುತ್ತವೆ, ಗಮಕದಂತೆ ಸ್ವರವನ್ನು ಅಲುಗಿಸುವ ರೀತಿಯಲ್ಲಿ ಅವುಗಳ ಚೆಲುವಿದೆ. ಆದರೆ ಅವರನ್ನು ಬೇರೆಯವರಿಂದ ಬೇರ್ಪಡಿಸುವುದು ಸೋಲೋ ಅಲ್ಲ. ಹತ್ತು ಹಾಡುಗಳ ಸೋಲೋಗಳನ್ನೆಲ್ಲ ಕತ್ತರಿಸಿ ತೆಗೆದರೂ ಇದು ಅವರದೇ ಆಲ್ಬಮ್ ಎಂದು ಗುರುತಿಸಬಹುದು. ರಿಫ್‌ಗಳನ್ನು ತೆಗೆದರೆ ಹತ್ತು ಗಾಯಕರು ಗಾಳಿಯಲ್ಲಿ ನೇತಾಡುತ್ತಾರೆ.

ಈ ಆಲ್ಬಮ್‌ನ ಮುಂದಿನ ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. 1996ರಲ್ಲೇ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ಡೆಪ್ ಸ್ಟುಡಿಯೋದಲ್ಲಿ ಗ್ಲೆನ್ ಹ್ಯೂಸ್ ಜೊತೆ ಒಂದಿಷ್ಟು ಹಾಡುಗಳನ್ನು ಮುದ್ರಿಸಿಟ್ಟಿದ್ದರು. ಅವು ಕಳ್ಳಪ್ರತಿಗಳಾಗಿ ಅಭಿಮಾನಿಗಳ ಕೈಯಿಂದ ಕೈಗೆ ಹೋಗುತ್ತಿದ್ದವು. ಅಧಿಕೃತವಾಗಿ ಹೊರಬಂದದ್ದು 2004ರಲ್ಲಿ, ಅದೂ ಮೂಲ ಡ್ರಮ್ಸ್ ಭಾಗಗಳನ್ನು ತೆಗೆದು ಜಿಮ್ಮಿ ಕೋಪ್ಲಿ ಅವರಿಂದ ಹೊಸದಾಗಿ ನುಡಿಸಿ. ಮರುವರ್ಷ, ಅಂದರೆ 2005ರಲ್ಲಿ, 'ಫ್ಯೂಸ್ಡ್' ಬಂತು. ಗಾಯಕರು ಮತ್ತೆ ಹ್ಯೂಸ್, ನಿರ್ಮಾಪಕರು ಮತ್ತೆ ಮಾರ್ಲೆಟ್, ಡ್ರಮ್ಸ್‌ಗೆ ಕೆನ್ನಿ ಆರನಾಫ್. ಒಂದೇ ದನಿ, ಒಂದೇ ಡ್ರಮ್ಸ್, ಆದ್ದರಿಂದ ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳುವ ಆಲ್ಬಮ್ ಅದು. ಸೋಲ್ ಸಂಗೀತದ ಗಮಕಗಳನ್ನು ಕಲಿತ ಹ್ಯೂಸ್ ಅವರ ದನಿ ಅಯೋಮಿಯ ಗಿಟಾರ್‌ಗೆ ಹೊಂದುವುದಿಲ್ಲ ಎಂದು 1986ರಲ್ಲಿ ಹಲವರು ತೀರ್ಮಾನಿಸಿದ್ದರು. ಒಂಬತ್ತು ನಿಮಿಷ ಮೀರಿದ ಅದರ ಕೊನೆಯ ಹಾಡು 'ಐ ಗೋ ಇನ್ಸೇನ್' ಕೇಳಿದ ಮೇಲೂ ಆ ತೀರ್ಮಾನಕ್ಕೆ ಅಂಟಿಕೊಂಡವರನ್ನು ನಾನು ಕಂಡಿಲ್ಲ.

ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಆಲ್ಬಮ್ ಎಂಬ ದೃಷ್ಟಿಯಿಂದ 'ಫ್ಯೂಸ್ಡ್' ಮೇಲು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹಾಡುಗಳು ಹೆಚ್ಚು ಸಮವಾಗಿವೆ, ತಂಡವಾಗಿ ನುಡಿಸಿದ ಬಿಸಿ ಅದರಲ್ಲಿದೆ. ಆದರೂ ನಾನು ಮತ್ತೆ ಮತ್ತೆ ಕೇಳುವುದು 2000ದ ಆಲ್ಬಮ್ಮನ್ನೇ. 'ಫ್ಯೂಸ್ಡ್' ಕೇಳುವಾಗ ಗಮನ ಹ್ಯೂಸ್ ಅವರ ಗಾಯನದತ್ತ ಹರಿದುಹೋಗುತ್ತದೆ. ಅಷ್ಟು ಆಕರ್ಷಕ ಗಾಯಕರು ಎದುರಿಗಿದ್ದಾಗ ಅದು ಅನಿವಾರ್ಯ. 'ಅಯೋಮಿ'ಯಲ್ಲಿ ದನಿ ನಾಲ್ಕೈದು ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಕಿವಿ ಬದಲಾಗದ್ದನ್ನು ಹುಡುಕಿಕೊಂಡು ಹೋಗುತ್ತದೆ. ಒಂದೇ ಸಲ ಪೂರ್ತಿ ಕೇಳುವ ವ್ಯವಧಾನವಿಲ್ಲದವರು 'ಗುಡ್‌ಬೈ ಲಮೆಂಟ್', 'ಪ್ಯಾಟರ್ನ್ಸ್', 'ಬ್ಲ್ಯಾಕ್ ಒಬ್ಲಿವಿಯನ್' ಈ ಮೂರನ್ನು ಇದೇ ಕ್ರಮದಲ್ಲಿ, ಸಾಧ್ಯವಾದರೆ ಒಳ್ಳೆಯ ಸ್ಪೀಕರ್‌ನಲ್ಲಿ ಕೇಳಲಿ. ಮೊಬೈಲ್ ಫೋನಿನ ಪುಟ್ಟ ಸ್ಪೀಕರ್‌ಗೆ ಈ ಶ್ರುತಿಯ ತಳ ಎಟುಕುವುದಿಲ್ಲ.